ಮೆಷಿನ್ನಿಗೆ ಬೈಯುವ ಮುಂಚೆ ಬಚ್ಚಲು ನೋಡು

ಮಗಳೇ,

ನಿನ್ನೆ ರಾತ್ರಿ ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಕುದುರೆಮುಖ ಹತ್ತಿ ಮುಳ್ಳೋಡಿಗೆ ಇಳಿದು ಬಂದ ಹನ್ನೆರಡು ಮಂದಿಯ ಹಾಸಿಗೆ ಬಟ್ಟೆ, ಮೆಷಿನ್ ಅರ್ಧಕ್ಕೆ ನಿಂತದ್ದು, ಬಚ್ಚಲುಮನೆಯಲ್ಲಿ ಪಾದ ಮುಳುಗುವಷ್ಟು ನೊರೆ ನೀರು, ಕಂಪನಿಯವರು ಬರಲು ನಾಲ್ಕು ದಿನ ಬೇಕು ಅಂದದ್ದು, ಶುಕ್ರವಾರಕ್ಕೆ ಮತ್ತೆ ಹತ್ತು ಜನ ಬರುವವರಿದ್ದಾರೆ ಅನ್ನುವುದು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಕೊನೆಗೆ "ಈ ಮೆಷಿನ್ನೇ ಸರಿ ಇಲ್ಲ ದೊಡ್ಡಮ್ಮ, ಕೊಟ್ಟುಬಿಡ್ತೀನಿ" ಅಂದೆಯಲ್ಲ, ಆ ಮಾತಿಗಾಗಿ ಇದನ್ನು ಬರೆಯಲು ಕೂತಿದ್ದೇನೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಬರೆದದ್ದು ಬಚ್ಚಲ ಬಾಗಿಲ ಹಿಂದೆ ಅಂಟಿಸಿಕೊಳ್ಳಲಿಕ್ಕಾದರೂ ಬರುತ್ತದೆ.

ಮೆಷಿನ್ ಕೊಡಬೇಡ. ನೀನು ಹೇಳಿದ ಲಕ್ಷಣ ನೋಡಿದರೆ ಅದು ಕೆಟ್ಟಿಲ್ಲ ಅಂತಲೇ ನನಗೆ ಅನ್ನಿಸುತ್ತದೆ. ಕೆಟ್ಟಿರುವುದು ನೀರಿನ ದಾರಿ. ತೋಟಕ್ಕೆ ಬಸಿಗಾಲುವೆ ಬಿಡಿಸದೆ ಅಡಿಕೆ ಮರ ಹಳದಿಯಾಯಿತು ಅಂತ ಮರಕ್ಕೆ ಬೈಯುವವರನ್ನು ನಮ್ಮೂರಲ್ಲಿ ಯಾರೂ ಬುದ್ಧಿವಂತರು ಅನ್ನುವುದಿಲ್ಲ. ಮೆಷಿನ್ ವಿಷಯಕ್ಕೆ ಬಂದಾಗ ಮಾತ್ರ ನಾವೆಲ್ಲ ಅದನ್ನೇ ಮಾಡುತ್ತೇವೆ.

ನಿನ್ನ ಮನೆಯ ಬಚ್ಚಲು ನಿನ್ನ ಮಾವನವರ ಕಾಲದ್ದು. ಅದನ್ನು ಕಟ್ಟಿಸಿದಾಗ ಅಲ್ಲಿ ಇದ್ದದ್ದು ಒಂದು ಹಂಡೆ, ಅದರ ಒಲೆ, ಬಟ್ಟೆ ಒಗೆಯಲು ಒಂದು ಕಲ್ಲು. ಚೊಂಬಿನಲ್ಲಿ ತೋಡಿ ಮೈಮೇಲೆ ಸುರಿದುಕೊಂಡ ನೀರು ನೆಲದಲ್ಲಿ ನಿಧಾನಕ್ಕೆ ಹರಿದು ಮೂಲೆಯ ತೂತಿನಿಂದ ಹೊರಗೆ ಹೋಗುತ್ತಿತ್ತು. ಅಷ್ಟು ನೀರಿಗೆ ಆ ತೂತು, ಆ ಪೈಪು ಸಾಕಿತ್ತು. ನಿನ್ನ ಮೆಷಿನ್ನಿನ ಪಂಪು ನಿಮಿಷಕ್ಕೆ 15–20 ಲೀಟರ್ ನೀರನ್ನು ಒಂದೇ ರಭಸದಲ್ಲಿ ದೂಡುತ್ತದೆ. ಒಂದು ದೊಡ್ಡ ಬಕೆಟ್ ನೀರನ್ನು ಒಬ್ಬರು ಬಿಡದೆ ಸುರಿಯುತ್ತಲೇ ಇದ್ದ ಹಾಗೆ. ಪೈಪಿನ ಒಳಗೆ ಇಪ್ಪತ್ತು ವರ್ಷದ ಎಣ್ಣೆ ಜಿಡ್ಡು, ಕೂದಲು ಕೂತು ದಾರಿ ಅರ್ಧ ಆಗಿರುತ್ತದೆ. ಚೊಂಬಿನ ನೀರು ಆ ಅರ್ಧ ದಾರಿಯಲ್ಲೂ ನುಸುಳಿ ಹೋಗುತ್ತಿತ್ತು, ಯಾರಿಗೂ ಗೊತ್ತಾಗಲಿಲ್ಲ. ಮೆಷಿನ್ ಬಂದ ದಿನ ಗುಟ್ಟು ರಟ್ಟಾಯಿತು, ಅಷ್ಟೇ.

ಹಾಗಾಗಿ ಮೊದಲು ಒಂದು ಪರೀಕ್ಷೆ ಮಾಡು. ಮೆಷಿನ್ನಿನ ಹೊರಗೆ ಬಿಡುವ ಪೈಪನ್ನು ಬಚ್ಚಲ ತೂತಿನಿಂದ ಎತ್ತಿ ಒಂದು ಬಕೆಟ್ಟಿಗೆ ಬಿಡು. ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊ, ರಭಸಕ್ಕೆ ಹಾರುತ್ತದೆ. ಬರೀ ಹಿಂಡುವ ಕೆಲಸಕ್ಕೆ ಮೆಷಿನ್ ಹಾಕು. ಬಕೆಟ್ಟಿಗೆ ನೀರು ಜೋರಾಗಿ ಬಿತ್ತೋ, ಮೆಷಿನ್ ಗಟ್ಟಿ ಇದೆ, ತೊಂದರೆ ನೆಲದ ಕೆಳಗಿದೆ. ಸಣ್ಣಗೆ ಬಂತು, ಇಲ್ಲ ಗುರ್ರ್ ಅಂತ ಸದ್ದು ಮಾತ್ರ ಬಂತು ಅಂದರೆ ಮೆಷಿನ್ನಿನ ಜಾಲರಿ ಕಟ್ಟಿದೆ. ಆಮೇಲೆ ಇನ್ನೊಂದು: 20 ಲೀಟರಿನ ಬಕೆಟ್ ತುಂಬಾ ನೀರು ತಂದು ಒಂದೇ ಸಲಕ್ಕೆ ಬಚ್ಚಲ ತೂತಿಗೆ ಸುರಿ. ನೀರು ಮೇಲಕ್ಕೆ ಉಕ್ಕಿ ನಿಂತು ಆಮೇಲೆ ಮೆಲ್ಲಗೆ ಇಳಿದರೆ ಯಾವ ಮೆಕ್ಯಾನಿಕ್ಕನ್ನು ಕರೆಸಿದರೂ ಪ್ರಯೋಜನವಿಲ್ಲ.

ನಾನು ಇದನ್ನು ದುಡ್ಡು ಕೊಟ್ಟು ಕಲಿತವಳು. ಕೆಲವು ವರ್ಷದ ಹಿಂದೆ ಪುನರ್ವಸು ಮಳೆಯಲ್ಲಿ ನಮ್ಮ ಮೆಷಿನ್ ಹೀಗೆಯೇ ನಿಂತಿತು. ಬಂದ ಮೆಕ್ಯಾನಿಕ್ ಪಂಪ್ ಹೋಗಿದೆ ಅಂದ, ಹೊಸದು ಹಾಕಿದ. ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ಇನ್ನೊಂದು ಪಂಪ್ ಬಂತು. ಮೂರನೇ ಸಲ ನಿನ್ನ ದೊಡ್ಡಪ್ಪ ಹಿತ್ತಲಿಗೆ ಹೋಗಿ, ಪೈಪು ತಿರುಗುವ ಜಾಗದಲ್ಲಿ ಹಾರೆ ಹಾಕಿ ಮಣ್ಣು ಬಿಡಿಸಿದರು. ಜೋಡಣೆಯ ಸಂದಿಯಿಂದ ಅಡಿಕೆ ಬೇರು ಒಳಗೆ ಹೊಕ್ಕಿತ್ತು. ಪೈಪನ್ನು ಕತ್ತರಿಸಿ ಅವರು ಎಳೆಯುತ್ತಾ ಹೋದರು, ನಾನು ಟಾರ್ಚ್ ಹಿಡಿದು ನಿಂತಿದ್ದೆ. ಕಂದು ಬಣ್ಣದ್ದು, ಹೆಣೆದ ಜಡೆಯ ಹಾಗೆ, ನನ್ನ ಮೊಳಕೈಯಿಂದ ಬೆರಳ ತುದಿಯವರೆಗಿನ ಉದ್ದ. ಅದರ ಎಳೆ ಎಳೆಗೂ ಬಟ್ಟೆಯ ಜುಂಗು, ಸೋಪಿನ ಬಿಳಿ ಹಿಟ್ಟು ಮೆತ್ತಿಕೊಂಡಿತ್ತು. ಅದು ಹೊರಗೆ ಬಂದ ಕೂಡಲೇ ಬಚ್ಚಲಿನಲ್ಲಿ ನಿಂತಿದ್ದ ನೀರು ಗಟಗಟ ಸದ್ದು ಮಾಡುತ್ತಾ ಇಳಿದುಹೋಯಿತು. ತೆಗೆದಿಟ್ಟ ಹಳೆಯ ಪಂಪುಗಳಲ್ಲಿ ಒಂದನ್ನು ಆಮೇಲೆ ಹಾಕಿ ನೋಡಿದೆವು, ಅದು ಚೆನ್ನಾಗಿಯೇ ಓಡಿತು.

ಬಚ್ಚಲ ತೂತಿನ ಜಾಲರಿ ತೆಗೆದರೆ ಒಳಗೆ ಒಂದು ಬಟ್ಟಲಿನಂಥದ್ದು ಇರುತ್ತದೆ, ಮೇಸ್ತ್ರಿಗಳು ನಹಾನಿ ಟ್ರ್ಯಾಪ್ ಅನ್ನುತ್ತಾರೆ. ಅದರಲ್ಲಿ ಎರಡು ಇಂಚಿನಷ್ಟು ನೀರು ಯಾವಾಗಲೂ ನಿಂತಿರಬೇಕು. ಗುಂಡಿಯ ನಾತ, ಜಿರಳೆ, ಜರಿ ಮನೆಯೊಳಗೆ ಬಾರದ ಹಾಗೆ ತಡೆಯುವುದು ಆ ನೀರೇ. ನೀರು ಬೇಗ ಹೋಗಲಿ ಅಂತ ಕೆಲವರು ಬಟ್ಟಲನ್ನೇ ಕಿತ್ತು ಬಿಸಾಡುತ್ತಾರೆ. ನೀನು ಹಾಗೆ ಮಾಡಬೇಡ. ಅತಿಥಿಗಳ ಕೋಣೆಯ ಬಚ್ಚಲು ಬೇಸಿಗೆಯಲ್ಲಿ ಬಹಳ ದಿನ ಖಾಲಿ ಇದ್ದರೆ ಅದರ ನೀರು ಆರಿ ನಾತ ಏಳುತ್ತದೆ. ಎರಡು ಚೊಂಬು ನೀರು ಸುರಿದರೆ ಮುಗಿಯಿತು, ಸುವಾಸನೆಯ ಗುಳಿಗೆಗೆ ದುಡ್ಡು ಹಾಕಬೇಕಾಗಿಲ್ಲ. ವಾರಕ್ಕೊಮ್ಮೆ ಕೈಗೆ ಗ್ಲೌಸ್ ಹಾಕಿಕೊಂಡು ಆ ಬಟ್ಟಲನ್ನು ಎತ್ತಿ ಕೂದಲು ತೆಗೆ. ನಿನ್ನ ಅತ್ತೆ ಈಗಲೂ ಮತ್ತಿ ಸೊಪ್ಪಿನ ಗೊಂಪು ಹಚ್ಚಿ ತಲೆಸ್ನಾನ ಮಾಡುತ್ತಾರಲ್ಲ, ಒಳ್ಳೆಯದೇ, ಆದರೆ ಆ ಲೋಳೆ, ಕೊಬ್ಬರಿ ಎಣ್ಣೆ, ಕೂದಲು ಮೂರೂ ಸೇರಿದರೆ ಪೈಪಿನೊಳಗೆ ಗಾರೆಯ ಹಾಗೆ ಕೂರುತ್ತದೆ. ಅವರು ಮೀಯುವ ದಿನ ತೂತಿನ ಮೇಲೆ ಒಂದು ಸಣ್ಣ ಕಣ್ಣಿನ ಜರಡಿ ಇಡು. ಅವರಿಗೆ ಬೇಜಾರಾಗುವ ಹಾಗೆ ಹೇಳಬೇಡ, ಸುಮ್ಮನೆ ಇಟ್ಟುಬಿಡು.

ಕಟ್ಟಿದ್ದನ್ನು ಬಿಡಿಸಲು ಕಳಸದ ಹಾರ್ಡ್‌ವೇರ್ ಅಂಗಡಿಯಲ್ಲಿ ಉದ್ದದ ಸ್ಪ್ರಿಂಗ್ ತಂತಿ ಕೇಳು. ತಿರುಗಿಸುತ್ತಾ ಒಳಗೆ ಬಿಟ್ಟರೆ ಬಾಗಿದಲ್ಲಿ ಬಾಗಿ ಹೋಗುತ್ತದೆ. ಬಿದಿರು ದಬ್ಬೆ ಹಾಕಿ ತಿವಿಯುವುದು ಬೇಡ, ಪೈಪಿನ ತಿರುವಿನಲ್ಲಿ ಮುರಿದು ಅಲ್ಲೇ ಕೂತರೆ ನೆಲ ಒಡೆಯಬೇಕಾಗುತ್ತದೆ. ಹಂಡೆಯ ಕುದಿಯುವ ನೀರನ್ನು, ಅನ್ನದ ಬಿಸಿ ಗಂಜಿಯನ್ನು ನೇರವಾಗಿ ಪೈಪಿಗೆ ಸುರಿಯಬೇಡ. ಹಿಂದೆ ಕಲ್ಲಿನ ಮೋರಿಗೆ ಅದು ನಡೆಯುತ್ತಿತ್ತು. ಪಿವಿಸಿ ಪೈಪು 60 ಡಿಗ್ರಿ ದಾಟಿದರೆ ಮೆತ್ತಗಾಗಿ ಜೋಲುತ್ತದೆ, ಜೋತ ಜಾಗದಲ್ಲಿ ಮತ್ತೆ ಕಸ ನಿಲ್ಲುತ್ತದೆ. ಕೈ ತಾಳುವಷ್ಟು ಬಿಸಿ ಸಾಕು, ಜಿಡ್ಡು ಬಿಡುತ್ತದೆ.

ಅಂಗಡಿಯ ಪುಡಿ, ಆ್ಯಸಿಡ್ ವಿಷಯದಲ್ಲಿ ನನ್ನ ಮಾತು ಕೇಳು ಮಾರಾಯ್ತಿ. ಪೈಪು ಬಿಡಿಸುವ ಪುಡಿಯಲ್ಲಿ ಇರುವುದು ಕಾಸ್ಟಿಕ್ ಸೋಡಾ, ನೀರು ತಾಗಿದರೆ ಕುದಿಯುವಷ್ಟು ಬಿಸಿಯಾಗಿ ಮುಖಕ್ಕೆ ಸಿಡಿಯುತ್ತದೆ. ಪುಡಿಗೆ ಪೈಪು ಬಿಡಲಿಲ್ಲ ಅಂತ ಅದರ ಮೇಲೆ ಆ್ಯಸಿಡ್ ಸುರಿಯುವವರಿದ್ದಾರೆ, ಜೀವಕ್ಕೆ ಅಪಾಯ. ಕಕ್ಕಸಿಗೆ ಹಾಕುವ ಆ್ಯಸಿಡ್ಡನ್ನೂ ಬ್ಲೀಚಿಂಗನ್ನೂ ಎಂದಿಗೂ ಒಂದು ಕಡೆ ಸೇರಿಸಬೇಡ. ಬಾಗಿಲು ಹಾಕಿದ ಸಣ್ಣ ಬಚ್ಚಲಿನಲ್ಲಿ ಅದರಿಂದ ಏಳುವ ಕ್ಲೋರಿನ್ ಗಾಳಿ ಎದೆ ಸುಡುತ್ತದೆ. ಕೆಲಸಕ್ಕೆ ಬರುವ ಹುಡುಗಿಗೂ ಇದನ್ನು ಬಿಡಿಸಿ ಹೇಳು, ಎರಡು ಬಾಟಲಿಯನ್ನೂ ಬೇರೆ ಬೇರೆ ಜಾಗದಲ್ಲಿ ಇಡು.

ಇನ್ನು ಹೊರಗಿನ ದಾರಿ. ಪೈಪಿಗೆ ವಾಟ ಇದೆಯೇ ನೋಡಿಸು. ನಾಲ್ಕು ಇಂಚಿನ ಪೈಪಿಗೆ ನಲವತ್ತಕ್ಕೆ ಒಂದು ಅನ್ನುವುದು ಹಳೆಯ ಲೆಕ್ಕ, ಅಂದರೆ 10 ಅಡಿ ಹೋಗುವಷ್ಟರಲ್ಲಿ 3 ಇಂಚು ಇಳಿಯಬೇಕು. ಗುಡ್ಡದ ಇಳಿಜಾರಿನಲ್ಲಿ ಮನೆ ಕಟ್ಟಿದ ನಮಗೆ ವಾಟಕ್ಕೆ ಬರವಿಲ್ಲ. ಆದರೂ ಅಂಗಳದ ಕೆಳಗೆ ಹಾಯುವ ಹತ್ತಿಪ್ಪತ್ತು ಅಡಿಯಲ್ಲಿ ಮೇಸ್ತ್ರಿಗಳು ಮಟ್ಟಸವಾಗಿ ಎಳೆದುಬಿಡುತ್ತಾರೆ, ಅಲ್ಲೇ ತೊಂದರೆ. ಪೈಪು ತಿರುಗುವ ಪ್ರತಿ ಮೂಲೆಗೂ ಮುಚ್ಚಳ ಇರುವ ಒಂದು ಚೇಂಬರ್ ಕಟ್ಟಿಸು. ನಮ್ಮ ಮನೆಯಲ್ಲಿ ಅದೊಂದು ಇದ್ದಿದ್ದರೆ ಎರಡು ಪಂಪಿನ ದುಡ್ಡು ಉಳಿಯುತ್ತಿತ್ತು. ಮೊದಲ ಚೇಂಬರಿನಲ್ಲೇ ಒಂದು ಸ್ಟೀಲ್ ಜಾಲರಿ ಅಡ್ಡ ಇಟ್ಟರೆ ಬಟ್ಟೆಯ ಜುಂಗು ಅಲ್ಲೇ ನಿಲ್ಲುತ್ತದೆ. ಮೆಷಿನ್ ಪೈಪಿನ ಬಾಯಿಗೇ ಬಟ್ಟೆ ಕಟ್ಟಬೇಡ, ಅದು ಕಟ್ಟಿಕೊಂಡ ದಿನ ನೀರು ಹಿಂದಕ್ಕೆ ಬರುತ್ತದೆ.

ಮಳೆನೀರು ಮತ್ತು ಬಚ್ಚಲ ನೀರು ಎರಡನ್ನೂ ಒಂದೇ ಗುಂಡಿಗೆ ಬಿಡುವುದು ನಮ್ಮ ಕಡೆಯ ದೊಡ್ಡ ತಪ್ಪು. ನಿಮ್ಮ ಮನೆಯ ಹಿಂಬದಿಯ ದಂಬೆ ನೀರು ಬಚ್ಚಲ ಗುಂಡಿಯ ನೆತ್ತಿಯ ಮೇಲೇ ಬೀಳುತ್ತಿದೆ, ಹೋದ ವರ್ಷ ಬಂದಾಗಲೇ ನೋಡಿದ್ದೆ, ಹೇಳಬೇಕು ಅಂದುಕೊಂಡು ಮರೆತೆ. ಬೆಂಗಳೂರಿನಲ್ಲೋ ಚಿತ್ರದುರ್ಗದಲ್ಲೋ ಇಂಗುಗುಂಡಿ ತೆಗೆದರೆ ನೀರು ಹೀರುತ್ತದೆ. ಇಲ್ಲಿ ಆರಿದ್ರೆ ಕಳೆದು ಪುಷ್ಯ ಹಿಡಿಯುವ ಹೊತ್ತಿಗೆ ಗುಡ್ಡವೇ ನೀರು ಕುಡಿದು ತೇಗುತ್ತಿರುತ್ತದೆ. ಧರೆಯ ಬುಡದಲ್ಲಿ ಒರತೆ ಎದ್ದಿರುತ್ತದೆ. ಆಳದ ಗುಂಡಿ ತೆಗೆದರೆ ಅದು ಕೆಳಗಿನಿಂದಲೇ ತುಂಬಿಕೊಳ್ಳುತ್ತದೆ, ನಿನ್ನ ನೀರಿಗೆ ಜಾಗ ಎಲ್ಲಿದೆ? ಕಳಸ–ಹೊರನಾಡು ದಾರಿಯ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿಯುತ್ತಿದ್ದಾಳೆ ಅಂತ ಸುದ್ದಿ ಬಂದ ದಿನ ನಿನ್ನ ಗುಂಡಿಯೂ ಒಂದು ಚೊಂಬು ಹೆಚ್ಚಿಗೆ ಕುಡಿಯುವುದಿಲ್ಲ ಅಂತ ತಿಳಿದುಕೊ. ಆ ದಿನ ಹಾಸಿಗೆ ಬಟ್ಟೆಯ ರಾಶಿ ಹಾಕಬೇಡ, ಮೈಬಟ್ಟೆ ಮಾತ್ರ ಹಾಕು.

ನಮ್ಮ ನೆಲಕ್ಕೆ ಆಳ ಗುಂಡಿಗಿಂತ ಅಗಲದ ಚರಂಡಿ ಒಳ್ಳೆಯದು. ಎರಡು ಅಡಿ ಆಳ, ಎರಡು ಅಡಿ ಅಗಲ, ಜಾಗ ಇದ್ದಷ್ಟು ಉದ್ದ. ಕೆಳಗೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು. ತುದಿಯಲ್ಲಿ ತುಂಬಿ ಹೊರಬಿದ್ದ ನೀರು ಬಾಳೆ ಬುಡಕ್ಕೆ ಹೋಗಲಿ, ಕಾಬಾಳೆ ಹೂವಿನ ಗಿಡ ಹಾಕು. ಕೆಸು ತಾನಾಗಿಯೇ ಹಬ್ಬುತ್ತದೆ, ಎಷ್ಟು ಚೆಂದ ಬೆಳೆದರೂ ಪತ್ರೊಡೆಗೆ ಆ ಎಲೆ ಕೊಯ್ಯಬೇಡ. ಸೋಪಿನ ನೀರನ್ನು ಒಂದೇ ಬುಡಕ್ಕೆ ವರ್ಷಗಟ್ಟಲೆ ಬಿಟ್ಟರೆ ಅದರ ಉಪ್ಪಿಗೆ ಮಣ್ಣು ಗಟ್ಟಿಯಾಗುತ್ತದೆ, ಆಗಾಗ ಜಾಗ ಬದಲಿಸು. ಉದ್ಯೋಗ ಖಾತ್ರಿಯಲ್ಲಿ ಪಂಚಾಯಿತಿಯವರು ಎಷ್ಟೋ ಊರುಗಳಲ್ಲಿ ಬಚ್ಚಲು ಗುಂಡಿ ತೆಗೆಸಿಕೊಟ್ಟಿದ್ದಾರೆ. ಈಗ ಏನು ಸವಲತ್ತು ಇದೆ ಅಂತ ಹೋಗಿ ಕೇಳು, ಕೇಳಲು ಸಂಕೋಚ ಬೇಡ.

ಒಂದು ವಿಷಯದಲ್ಲಿ ಮಾತ್ರ ರಾಜಿ ಮಾಡಿಕೊಳ್ಳಬೇಡ. ನಮ್ಮ ಮನೆಗಳಲ್ಲಿ ಬಾವಿ ಸಾಮಾನ್ಯವಾಗಿ ಮನೆಯಿಂದ ಕೆಳಗೆ, ತೋಟದ ಅಂಚಿನಲ್ಲಿ ಇರುತ್ತದೆ. ಬಚ್ಚಲ ನೀರು ಇಳಿಯುವುದೂ ಅದೇ ದಿಕ್ಕಿಗೆ. ಗುಂಡಿಗೂ ಬಾವಿಗೂ ಕಡಿಮೆ ಅಂದರೆ 50 ಅಡಿ ಅಂತರ ಇರಲಿ, ಬಾವಿಯ ನೇರ ಮೇಲ್ಗಡೆಯಂತೂ ಬೇಡವೇ ಬೇಡ. ಹಳ್ಳಕ್ಕೂ ನೇರ ಬಿಡಬೇಡ. ಭದ್ರೆ ಹುಟ್ಟುವುದು ನಮ್ಮ ಪಕ್ಕದ ಗಂಗಾಮೂಲದಲ್ಲಿ. ತುಂಗೆಯೂ ನೇತ್ರಾವತಿಯೂ ಅದೇ ಬೆಟ್ಟದ ಮಕ್ಕಳು. ಲಕ್ಕವಳ್ಳಿ ಅಣೆಕಟ್ಟೆಯ ಕೆಳಗೆ ಎಷ್ಟು ಊರಿನವರು ಆ ನೀರನ್ನು ಕುಡಿಯುತ್ತಾರೆ ಗೊತ್ತೇ? ತವರಿನಲ್ಲಿರುವ ನಾವು ಮೊದಲ ಮೈಲಿಯಲ್ಲೇ ಅದಕ್ಕೆ ನೊರೆ ಕಲಸಿ ಕಳಿಸಬಾರದು. 2005ರ ಕೊನೆಗೆ ಕುದುರೆಮುಖದ ಗಣಿ ನಿಂತದ್ದು ಈ ನದಿ, ಈ ಕಾಡು ಉಳಿಯಲಿ ಅಂತ ಅಷ್ಟು ಜನ ವರ್ಷಗಟ್ಟಲೆ ಹೋರಾಡಿದ್ದರಿಂದ. ನಮ್ಮ ಬಚ್ಚಲಿನ ಮಟ್ಟಿಗೆ ನಾವು ಅಷ್ಟಾದರೂ ಮಾಡೋಣ.

ಮೆಷಿನ್ ನೀರನ್ನು ಕಕ್ಕಸು ಗುಂಡಿಗೆ ಸೇರಿಸಿದ್ದರೆ ಈಗಲೇ ಬೇರೆ ಮಾಡಿಸು. ಅಷ್ಟು ನೀರು ನುಗ್ಗಿದರೆ ಗುಂಡಿಯೊಳಗಿನ ಹೊಲಸು ಕೊಳೆಯಲು ಬಿಡುವಿಲ್ಲದೆ ಹೊರಗೆ ತೇಲಿ ಬರುತ್ತದೆ. ಗುಂಡಿ ತುಂಬಿತು ಅಂತ ಯಾರನ್ನೂ, ಎಷ್ಟು ದುಡ್ಡು ಕೇಳಿ ತಾವಾಗಿಯೇ ಮುಂದೆ ಬಂದರೂ, ಒಳಗೆ ಇಳಿಸಬೇಡ. ಒಳಗಿರುವ ವಿಷಗಾಳಿ ಮೊದಲು ಕೊಳೆತ ಮೊಟ್ಟೆಯ ನಾತ ಕೊಡುತ್ತದೆ, ಹೆಚ್ಚಾದರೆ ಮೂಗಿಗೆ ನಾತವೂ ಗೊತ್ತಾಗುವುದಿಲ್ಲ, ಇಳಿದವರು ಅಲ್ಲೇ ಕುಸಿಯುತ್ತಾರೆ, ಎತ್ತಲು ಇಳಿದವರೂ ಹೋಗುತ್ತಾರೆ. ಮಲ ಬಾಚಿಸುವುದನ್ನು ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಹಾಗೆ ಇಳಿಸುವುದು ಅಪರಾಧ. ಕಾಯ್ದೆ ಇರದಿದ್ದರೂ ನಮ್ಮ ಮನೆಯ ಹೊಲಸಿಗೆ ಇನ್ನೊಬ್ಬರ ಮನೆಯ ಮಗ ಯಾಕೆ ಇಳಿಯಬೇಕು? ಸಕ್ಕಿಂಗ್ ಗಾಡಿ ಕರೆಸು, ರಸ್ತೆ ಒಣಗಿರುವ ಜನವರಿ–ಫೆಬ್ರವರಿಯಲ್ಲೇ ಮಾಡಿಸಿಬಿಡು.

ಹೋಗುವ ದಾರಿ ಆಯಿತು, ಬರುವ ದಾರಿಯನ್ನೂ ನೋಡು. ನಿಮ್ಮದು ಅಬ್ಬಿ ನೀರು, ಗುಡ್ಡದ ಮೇಲಿನಿಂದ ಕಪ್ಪು ಪೈಪಿನಲ್ಲಿ ಬರುತ್ತದೆ. ನೀರಿನ ಮೂಲ ಮನೆಗಿಂತ 10 ಮೀಟರ್ ಎತ್ತರವಿದ್ದರೆ ಒತ್ತಡ ಒಂದು ಬಾರ್. ನಿಮ್ಮ ಅಬ್ಬಿ ಎಷ್ಟು ಮೇಲಿದೆ ನೆನಪಿಸಿಕೊ. ಎಂಬತ್ತು ನೂರು ಮೀಟರ್ ಮೇಲಿಂದ ಬರುವ ನೀರನ್ನು ಮೆಷಿನ್ನಿಗೆ ನೇರ ಕೊಟ್ಟರೆ ಅದರ ವಾಲ್ವ್, ರಬ್ಬರ್ ಪೈಪು ತಡೆಯುವುದಿಲ್ಲ, ಒಂದು ದಿನ ಯಾರೂ ಇಲ್ಲದ ಹೊತ್ತಿನಲ್ಲಿ ಪಟ್ ಅಂತ ಕಿತ್ತು ಮನೆಯೆಲ್ಲ ನೀರಾಗುತ್ತದೆ. ಮೊದಲು ಟ್ಯಾಂಕಿಗೆ ಬರಲಿ, ಟ್ಯಾಂಕಿನಿಂದ ಮೆಷಿನ್ನಿಗೆ ಹೋಗಲಿ. ಟ್ಯಾಂಕ್ ಮೆಷಿನ್ನಿಗಿಂತ 15–20 ಅಡಿ ಮೇಲಿದ್ದರೆ ಸಾಕಷ್ಟು ಒತ್ತಡ ಸಿಗುತ್ತದೆ. ಟ್ಯಾಂಕಿನ ತಳದಿಂದ ನಾಲ್ಕು ಇಂಚು ಮೇಲೆ ಪೈಪ್ ಕೂರಿಸಿದರೆ ಮೊದಲ ಮಳೆಯ ಕೆಂಪು ರಾಡಿ ತಳದಲ್ಲೇ ಉಳಿಯುತ್ತದೆ. ಒಗೆದು ಮುಗಿದ ಮೇಲೆ ನಲ್ಲಿ ಕಟ್ಟುವ ಅಭ್ಯಾಸ ಮಾಡಿಕೊ. ನೀರು ತುಂಬಲು ಬಹಳ ಹೊತ್ತು ಹಿಡಿಯುತ್ತಿದೆ ಅನ್ನಿಸಿದರೆ ಮೆಷಿನ್ನಿನ ಹಿಂದೆ ಪೈಪು ತಿರುಗಿಸಿ ತೆಗೆ. ಬೆರಳ ತುದಿಯಷ್ಟು ಜಾಲರಿ ಇರುತ್ತದೆ, ಅದರಲ್ಲಿ ಮರಳು ಕೂತಿರುತ್ತದೆ. ಇಕ್ಕಳದಲ್ಲಿ ಹಿಡಿದು ಎಳೆದು, ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕು.

ನೊರೆಯ ಮಾತು. ನೀನು ಬೆಂಗಳೂರಿನಲ್ಲಿ ಬೋರ್‌ವೆಲ್ಲಿನ ಗಡಸು ನೀರಿಗೆ ಹಾಕುತ್ತಿದ್ದಷ್ಟೇ ಪುಡಿಯನ್ನು ಇಲ್ಲೂ ಹಾಕುತ್ತಿದ್ದೀ ಅಂತ ನನಗೆ ಅನುಮಾನ. ನಮ್ಮ ಅಬ್ಬಿ ನೀರು ಮೆದು, ಚಿಟಿಕೆ ಸೋಪಿಗೂ ನೊರೆ ಏಳುತ್ತದೆ. ಇಲ್ಲಿ ಅರ್ಧ ಸಾಕು. ಮುಂದಿನಿಂದ ಬಾಗಿಲು ತೆಗೆಯುವ ಮೆಷಿನ್ ಕಡಿಮೆ ನೀರಿನಲ್ಲಿ ಒಗೆಯುತ್ತದೆ, ಅದಕ್ಕೆ ನೊರೆ ಕಡಿಮೆ ಇರುವ ಅದರದ್ದೇ ಪುಡಿ ಬೇಕು. ಕೈಯಲ್ಲಿ ಒಗೆಯುವ ಪುಡಿ ಹಾಕಿದರೆ ಪಂಪಿನೊಳಗೆ ನೊರೆಯೇ ತುಂಬಿ, ನೀರು ಹೋಗದೆ ಮೆಷಿನ್ ನಿಲ್ಲುತ್ತದೆ. ನಿನ್ನೆ ನಿನಗೆ ಆದದ್ದರಲ್ಲಿ ಇದರ ಪಾಲೂ ಇರಬಹುದು. ಬೆಂಗಳೂರಿನವರು ಹೇಳುವ ಸುಣ್ಣ ಕರಗಿಸುವ ಪುಡಿಯೂ ಇಲ್ಲಿ ಅಷ್ಟಾಗಿ ಬೇಡ. ನಮ್ಮ ಶತ್ರು ಸುಣ್ಣವಲ್ಲ, ಬೂಷ್ಟು. ಒಗೆದ ಮೇಲೆ ಬಾಗಿಲಿನ ರಬ್ಬರಿನ ಮಡಿಕೆಯನ್ನು ಒಣ ಬಟ್ಟೆಯಲ್ಲಿ ಒರೆಸಿ, ಬಾಗಿಲು ತೆರೆದೇ ಬಿಡು. ಯಾವಾಗಲಾದರೂ ಬೋರ್ ನೀರು ಬಳಸಿ, ಅದರಲ್ಲಿ ಕಬ್ಬಿಣ ಇದ್ದು ಬಿಳಿ ಹೊದಿಕೆ ಕೆಂಪಗಾದರೆ ಬ್ಲೀಚ್ ಹಾಕಬೇಡ, ಕಲೆ ಇನ್ನೂ ಗಟ್ಟಿಯಾಗುತ್ತದೆ. ನಿಂಬೆಹುಳಿ ಹಚ್ಚಿ ನೆನೆಸು.

ಮೆಷಿನ್ನಿನ ಮುಂದೆ ಕೆಳಗಡೆ ಒಂದು ಸಣ್ಣ ಮುಚ್ಚಳ ಇದೆಯಲ್ಲ, ಅದರ ಹಿಂದೆ ಇರುವುದು ಪಂಪಿನ ಜಾಲರಿ. ಮೊದಲು ಪ್ಲಗ್ ಕೀಳು. ಮುಚ್ಚಳದ ಪಕ್ಕ ಬೆರಳು ದಪ್ಪದ ಸಣ್ಣ ರಬ್ಬರ್ ಕೊಳವೆ ಇದ್ದರೆ ಅದನ್ನು ಎಳೆದು, ಬಿರಡೆ ತೆಗೆದು ಅಗಲದ ತಟ್ಟೆಗೆ ನೀರು ಬಿಡು. ತಟ್ಟೆ ತುಂಬಿದಾಗೆಲ್ಲ ಬಿರಡೆ ಹಾಕಿ ಚೆಲ್ಲಿ ಬಾ, ಅವಸರ ಬೇಡ. ಬಿಸಿ ನೀರಿನಲ್ಲಿ ಒಗೆದಿದ್ದರೆ ಆರಲು ಬಿಡು. ನೀರು ನಿಂತ ಮೇಲೆ ಜಾಲರಿಯ ಹಿಡಿಯನ್ನು ಎಡಕ್ಕೆ ತಿರುಗಿಸಿ ಮೆಲ್ಲಗೆ ಎಳೆ. ಕಳೆದ ತಿಂಗಳು ನಮ್ಮದರಲ್ಲಿ ಸಿಕ್ಕಿದ್ದು ಎರಡು ರೂಪಾಯಿ ನಾಣ್ಯ, ಒಂದು ಹೇರ್‌ಪಿನ್, ಅಡಿಕೆ ಚೂರು, ನಿನ್ನ ದೊಡ್ಡಪ್ಪನ ಅಂಗಿ ಕಿಸೆಯಿಂದ ಬಿದ್ದ ಒಂದು ಕಾಫಿ ಬೀಜ. ಆ ಬೀಜ ನೀರು ಕುಡಿದು ಉಬ್ಬಿ, ಸರಿಯಾಗಿ ಪಂಪಿನ ರೆಕ್ಕೆಯ ಸಂದಿಯಲ್ಲಿ ಕೂತಿತ್ತು. ಒಳಗೆ ಟಾರ್ಚ್ ಬಿಟ್ಟು ರೆಕ್ಕೆ ಬೆರಳಿಗೆ ತಿರುಗುತ್ತದೆಯೇ ನೋಡು. ಕೊಯ್ಲಿನ ಕಾಲದಲ್ಲಿ ಕಿಸೆ ತಡಕದೆ ಯಾವ ಅಂಗಿಯನ್ನೂ ಒಳಗೆ ಹಾಕಬೇಡ.

ಹೊರಗೆ ಬಿಡುವ ಪೈಪಿನ ಎತ್ತರವೂ ಮುಖ್ಯ. ನಿನ್ನದು ಪಂಪ್ ಇರುವ ಮೆಷಿನ್. ಅದರ ಪೈಪಿನ ಬಾಯಿ ನೆಲದಿಂದ ಎರಡರಿಂದ ಮೂರು ಅಡಿ ಮೇಲೆ ಏರಿ ಆಮೇಲೆ ಇಳಿಯಬೇಕು. ನೆಲದ ಮೇಲೆ ಮಲಗಿಸಿ ತೂತಿಗೆ ತುರುಕಿದರೆ ಒಂದು ಕಡೆ ತುಂಬಿದ ನೀರು ಇನ್ನೊಂದು ಕಡೆ ತಾನಾಗಿಯೇ ಎಳೆದುಕೊಂಡು ಹೋಗುತ್ತದೆ, ಮೆಷಿನ್ ತುಂಬಿಸುತ್ತಲೇ ಇರುತ್ತದೆ. ನಿನ್ನ ಪಕ್ಕದ ಮನೆಯವರದ್ದು ಮೇಲಿನಿಂದ ಬಟ್ಟೆ ಹಾಕುವ ಮೆಷಿನ್. ಆ ಬಗೆಯವು ಹಲವಕ್ಕೆ ಪಂಪೇ ಇರುವುದಿಲ್ಲ, ಅವುಗಳ ಪೈಪನ್ನು ಎತ್ತರಿಸಿದರೆ ನೀರು ಇಳಿಯುವುದೇ ಇಲ್ಲ. ಅವರದ್ದನ್ನು ನೋಡಿ ನೀನು, ನಿನ್ನದನ್ನು ನೋಡಿ ಅವರು ಜೋಡಿಸಬೇಡಿ. ಪುಸ್ತಕದಲ್ಲಿ ಚಿತ್ರ ಇರುತ್ತದೆ. ಮಳೆಗಾಲದಲ್ಲಿ ಇಲಿಗಳು ಬೆಚ್ಚಗಿನ ಜಾಗ ಹುಡುಕಿ ಮೆಷಿನ್ನಿನ ಅಡಿಗೆ ಸೇರಿ ರಬ್ಬರ್ ಕಡಿಯುತ್ತವೆ. ತಳ ತೆರೆದಿದ್ದರೆ ಸಣ್ಣ ಕಣ್ಣಿನ ತಂತಿ ಬಲೆ ಕಟ್ಟಿಸು.

ಕರೆಂಟಿನ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ನಿಂತು ಮೆಷಿನ್ ಮುಟ್ಟಿದಾಗ ಜುಂ ಅಂದರೆ ಅದನ್ನು ಸಣ್ಣದು ಅಂದುಕೊಳ್ಳಬೇಡ. ಆ ಕ್ಷಣ ಮೈನ್ ಆಫ್ ಮಾಡಿ ಅರ್ತಿಂಗ್ ನೋಡಿಸು. ಬೇಸಿಗೆಯಲ್ಲಿ ಅರ್ತ್ ಗುಂಡಿ ಒಣಗುತ್ತದೆ, ಆಗಾಗ ನೀರು ಹಾಕು. ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಒಂದನ್ನು ಹಾಕಿಸದೆ ಅತಿಥಿಗಳನ್ನು ಮನೆಯಲ್ಲಿ ಇಳಿಸಬೇಡ. ಗುಡುಗು ಶುರುವಾದರೆ ಪ್ಲಗ್ಗನ್ನೇ ಕಿತ್ತಿಡು, ಸ್ವಿಚ್ ಆಫ್ ಮಾಡಿದರೆ ಸಾಲದು. ಮಧ್ಯದಲ್ಲಿ ಕರೆಂಟ್ ಹೋಗಿ ಬಾಗಿಲು ಬೀಗ ಬಿದ್ದಿದ್ದರೆ ಎಳೆಯಬೇಡ. ಮೆಸ್ಕಾಂ ಲೈನಿನ ಮೇಲೆ ಮರ ಬಿದ್ದಿದೆ, ಇವತ್ತು ಬರುವುದಿಲ್ಲ ಅಂತ ಗೊತ್ತಾದರೆ ಕೆಳಗಿನ ಕೊಳವೆಯಿಂದ ನೀರು ಬಿಟ್ಟು ಕಾಯಿ. ನೀರು ಬಿಸಿ ಮಾಡುವ ಕಾಯಿಲ್ 2,000 ವ್ಯಾಟಿನದ್ದು, ಇನ್ವರ್ಟರಿನಲ್ಲಿ ಓಡಿಸುವ ಆಸೆ ಬೇಡ.

ಚಾರಣದವರ ಬಟ್ಟೆಯನ್ನು ಕೆಸರಿನ ಸಮೇತ ಒಳಗೆ ಹಾಕುವುದನ್ನು ಇವತ್ತಿನಿಂದಲೇ ನಿಲ್ಲಿಸು. ಒಗೆಯುವ ಕಲ್ಲನ್ನು ನೀವು ಕಿತ್ತು ಹಾಕಿಲ್ಲ ತಾನೆ? ಮೊದಲು ಅದರ ಮೇಲೆ ಹಾಕಿ ಒಂದು ನೀರು ಹೊಡೆದು ಮಣ್ಣು ಬಿಡಿಸಿದರೆ ಮೆಷಿನ್ನೂ ಉಳಿಯುತ್ತದೆ, ಗುಂಡಿಯೂ ಉಳಿಯುತ್ತದೆ. ಇಂಬಳ ಕಚ್ಚಿದ ರಕ್ತದ ಕಲೆಗೆ ಬಿಸಿ ನೀರು ಸೋಕಿಸಬೇಡ, ತಣ್ಣೀರಿನಲ್ಲಿ ನೆನೆಸಿ ತಿಕ್ಕು. ಬಿಸಿ ತಾಗಿದರೆ ಕಲೆ ಬಟ್ಟೆಯಲ್ಲೇ ಬೆಂದುಹೋಗುತ್ತದೆ. ದಪ್ಪ ರಗ್ಗು ಒಂದನ್ನೇ ಹಾಕಿದರೆ ಹಿಂಡುವಾಗ ಒಂದು ಕಡೆ ಭಾರವಾಗಿ ಮೆಷಿನ್ ಕುಣಿಯುತ್ತದೆ, ಜೊತೆಗೆ ಒಂದೆರಡು ಟವೆಲ್ ಹಾಕು. ಒಣಗಿಸಲು ಬಚ್ಚಲೊಲೆಯ ಮೇಲಿನ ತಂತಿಗಿಂತ ಒಳ್ಳೆಯ ಜಾಗ ಇಂದಿಗೂ ಸಿಕ್ಕಿಲ್ಲ. ನಿನ್ನನ್ನು ಹೆತ್ತ ವರ್ಷ ನಿನ್ನ ಅಮ್ಮ ಬಾಣಂತನಕ್ಕೆ ನಮ್ಮ ಮನೆಯಲ್ಲಿದ್ದಳು, ಹಿಡಿದ ಮಳೆ ಬಿಟ್ಟಿರಲಿಲ್ಲ. ಕೆಂಡದ ಮೇಲೆ ಬಿದಿರು ಬುಟ್ಟಿ ಮಗುಚಿ ನಿನ್ನ ಬಟ್ಟೆ ಒಣಗಿಸುತ್ತಿದ್ದೆ. ಆ ಹೊಗೆಯ ವಾಸನೆಯ ಬಟ್ಟೆಯಲ್ಲೇ ನೀನು ಬೆಳೆದದ್ದು.

ನಾಳೆ ಬಕೆಟ್ಟಿನ ಪರೀಕ್ಷೆ ಮಾಡಿ ಸಂಜೆ ಫೋನ್ ಮಾಡು. ನೀರು ಜೋರಾಗಿ ಬಂದರೆ ಕಂಪನಿಯವರಿಗೆ ಬರುವುದು ಬೇಡ ಅಂತ ಹೇಳಿಬಿಡು. ಬುಧವಾರ ಮಳೆ ಸ್ವಲ್ಪ ಬಿಡುವು ಕೊಟ್ಟರೆ ದೊಡ್ಡಪ್ಪ ಹಾರೆ ಹಿಡಿದುಕೊಂಡು ಬರುತ್ತಾರೆ, ಜೊತೆಗೆ ನಾನೂ ಬರುತ್ತೇನೆ. ಹಿತ್ತಲಿನಲ್ಲಿ ಪೈಪು ಎಲ್ಲಿ ತಿರುಗುತ್ತದೆ ಅಂತ ನಿನ್ನ ಅತ್ತೆಯನ್ನು ಕೇಳಿ ಅಲ್ಲೊಂದು ಗೂಟ ಹೊಡೆದಿಡು.

ದೊಡ್ಡಮ್ಮ